ಮೂವತ್ತೇಳನೆಯ ಜೋಡಿ

ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದೆ ಎಂದರೆ ಈಗಿನ ಹುಡುಗರು ಮೊದಲು ನನ್ನ ಕಾಲು ನೋಡುತ್ತಾರೆ. ಕಂಬದಿಂದ ಬಿದ್ದು ಒಮ್ಮೆಯಾದರೂ ಮುರಿದಿರಬೇಕು ಎಂದು ಅವರ ಲೆಕ್ಕ. ಕಾಲು ನೆಟ್ಟಗಿದೆ. ಕಂಬ ಹತ್ತುವುದು ಆ ಕೆಲಸದ ಸುಲಭದ ಭಾಗವಾಗಿತ್ತು. ಕಷ್ಟದ ಭಾಗವೆಲ್ಲ ನೆಲದ ಮೇಲೆ, ಕುರ್ಚಿ ಹಾಕಿಕೊಂಡು ಕೂತವರ ನಡುವೆ ಇತ್ತು.

ನನ್ನ ಹೆಸರು ಭೀಮರಾಯ, ಊರು ದೋರನಹಳ್ಳಿ. ಯಾದಗಿರಿಯಲ್ಲಿ ಕೆಲಸಕ್ಕೆ ಸೇರಿದೆ, ಶಹಾಪುರದಲ್ಲಿ ಕಾಲುವೆ ನೀರಿನಲ್ಲಿ ನೆನೆದೆ, ಸುರಪುರದಲ್ಲಿ ನಿವೃತ್ತನಾಗಿ ರಂಗಂಪೇಟೆಯಲ್ಲಿ ಮನೆ ಮಾಡಿಕೊಂಡೆ. ಬಡ್ತಿಯ ಸುದ್ದಿ ಬರೆಯುವುದಿಲ್ಲ. ಬರೆಯುವಷ್ಟು ಆಗಲೂ ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ನಾನು ಮಾಡಿದ ಒಂದು ತಪ್ಪನ್ನು ಬರೆಯುತ್ತೇನೆ. ಸರಿ ಮಾಡಿದ ಕೆಲಸಗಳನ್ನು ಬರೆಯಲು ಮೇಲಧಿಕಾರಿಗಳಿದ್ದಾರೆ, ಅವೆಲ್ಲ ಅವರ ಹೆಸರಿನಲ್ಲಿಯೇ ಇವೆ.

ಯಾದಗಿರಿಯಲ್ಲಿ ನನಗೆ ಕೆಲಸ ಕಲಿಸಿದವರು ಖಾದರ್ ಸಾಬರು, ಕೇಬಲ್ ಜೋಡಿಸುವ ಮಿಸ್ತ್ರಿ. ಅವರು ಮೊದಲ ದಿನವೇ ಹೇಳಿದ ಮಾತು ಇದು: "ನೋಡಪಾ, ಮೊದಲ ಗಿರಾಕಿ ಮನ್ಯಾಗ ಗಂಟಿ ಬಾರಸಬೇಕು. ಕಾಗದದ ಕೆಲಸ ಆರಾಮ್ ಮಾಡಿದ್ರ ನಡೀತದ. ಗಂಟಿ ಬಾರಸಲಿಲ್ಲಂದ್ರ ಗಿರಾಕಿ ಬೈತಾನ. ಕಾಗದ ಬರೀಲಿಲ್ಲಂದ್ರ ಯಾರೂ ಬೈಯಂಗಿಲ್ಲ." ಇಡೀ ಜಿಲ್ಲೆಯ ಲೈನ್‌ಮನ್‌ಗಳಿಗೆ ಅದೇ ವೇದವಾಕ್ಯ. ನಾನೂ ಕಣ್ಣಿಗೊತ್ತಿಕೊಂಡೆ.

ಆ ಕಾಗದ ಯಾವುದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಫೋನಿಗೆ ಎರಡು ತಾಮ್ರದ ತಂತಿ ಬೇಕು. ಅದಕ್ಕೆ ನಾವು ಜೋಡಿ ಎನ್ನುತ್ತೇವೆ. ಎಕ್ಸ್‌ಚೇಂಜಿನಿಂದ ನೂರಾರು ಜೋಡಿಗಳು ಒಂದೇ ಕೇಬಲ್ಲಿನಲ್ಲಿ ನೆಲದಡಿ ಹೊರಟು, ರಸ್ತೆ ಬದಿಯ ಒಂದು ಕಬ್ಬಿಣದ ಪೆಟ್ಟಿಗೆಗೆ ಬರುತ್ತವೆ. ಅದರ ಹೆಸರು ಪಿಲ್ಲರ್. ಅಲ್ಲಿಂದ ಮನೆಮನೆಗೆ ಒಡೆದು ಹೋಗುತ್ತವೆ. ಪ್ರತಿ ಜೋಡಿಗೆ ಒಂದು ನಂಬರು, ಪ್ರತಿ ನಂಬರಿಗೆ ಎಕ್ಸ್‌ಚೇಂಜಿನ ಪೆಟ್ಟಿಗೆಯಲ್ಲಿ ಒಂದು ಕಾರ್ಡು. ಯಾವ ಜೋಡಿ ಯಾರ ಮನೆಗೆ ಹೋಗಿದೆ, ಯಾವುದು ಖಾಲಿ ಇದೆ ಎಂದು ಆ ಕಾರ್ಡು ಹೇಳಬೇಕು. ಹೇಳುತ್ತಿತ್ತು ಕೂಡ. ನಿಜ ಹೇಳುತ್ತಿರಲಿಲ್ಲ, ಅಷ್ಟೇ.

ಕಾರ್ಡುಗಳು ಸುಳ್ಳು ಹೇಳಲು ಕಲಿತದ್ದು ಶಹಾಪುರದಲ್ಲಿ, ಕಾಲುವೆಗೆ ನೀರು ಬಂದ ಮೇಲೆ. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತು. ಊರಿಗೆ ಅನ್ನ ಬಂತು, ನಮ್ಮ ಕೇಬಲ್ಲಿಗೆ ನೀರು ಬಂತು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕೇಬಲ್ಲನ್ನು ಜಗ್ಗುತ್ತಿತ್ತು, ನೀರು ಬಿಟ್ಟಾಗ ಉಬ್ಬಿ ಒತ್ತುತ್ತಿತ್ತು. ನೆನೆದ ಜೋಡಿಯಲ್ಲಿ ಮಾತಾಡಿದರೆ ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳುತ್ತಿತ್ತು. ಒಮ್ಮೆ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ಸಾಹೇಬರೊಬ್ಬರು ದೋರನಹಳ್ಳಿ ದಾರಿಯಲ್ಲಿ ಜೀಪು ನಿಲ್ಲಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತ ನಮ್ಮ ಕಂಬವನ್ನು ತೋರಿಸಿ ಗುಡುಗಿದರು. "ಕಂಬ ಗದ್ಯಾಗ ಯಾಕ ಹಾಕೀರಿ?"

"ಕಂಬ ಗದ್ಯಾಗ ಹೋಗಿಲ್ರಿ ಸಾಹೇಬ್ರ," ಎಂದೆ ನಾನು. "ಗದ್ದಿನೇ ಕಂಬದ ತನಕ ಬಂದಾದ್ರಿ."

ಅವರು ಅದನ್ನು ಬರೆದುಕೊಂಡರು. ಮೂರು ತಿಂಗಳ ಮೇಲೆ ಗದ್ದೆಯ ಮೇಲೆ ಸೂಕ್ತ ಕ್ರಮ ಕೈಗೊಂಡು ವರದಿ ಸಲ್ಲಿಸಬೇಕೆಂದು ಪತ್ರ ಬಂತು.

ಹಾಗಿರುವಾಗ ಒಂದು ಜೋಡಿ ನೆನೆದರೆ ನಾವು ಮಾಡುತ್ತಿದ್ದದ್ದು ಒಂದೇ ಉಪಾಯ: ಗಿರಾಕಿಯನ್ನು ಆ ಜೋಡಿಯಿಂದ ಬಿಚ್ಚಿ ಪಕ್ಕದ ಒಣ ಜೋಡಿಗೆ ಹಾಕುವುದು. ಹತ್ತು ನಿಮಿಷದ ಕೆಲಸ. ಗಂಟೆ ಬಾರಿಸುತ್ತಿತ್ತು, ಗಿರಾಕಿ ಚಹಾ ಕುಡಿಸುತ್ತಿದ್ದ. ಬದಲಾಯಿಸಿದ್ದನ್ನು ಕಾರ್ಡಿನಲ್ಲಿ ಬರೆಯಬೇಕೆಂದರೆ ಅರ್ಜಿ, ಸಹಿ, ಮೇಲೊಂದು ಸಹಿ. ಅದಕ್ಕೆ ನಾನು ಅಂಗಡಿಯವರು ಹೊಸ ವರ್ಷಕ್ಕೆ ಹಂಚುವ ಕಿಸೆ ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಸುರಪುರಕ್ಕೆ ವರ್ಗವಾಗುವ ಹೊತ್ತಿಗೆ ನನ್ನ ಕಿಸೆಯಲ್ಲಿ ಇದ್ದದ್ದೇ ನಿಜವಾದ ಎಕ್ಸ್‌ಚೇಂಜು. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು. ನಾನಿಲ್ಲದಿದ್ದರೆ ಇವರದು ನಡೆಯುವುದಿಲ್ಲ ಎಂಬ ಜಂಬ ಸರಕಾರಿ ನೌಕರನಿಗೆ ಬೆಲ್ಲಕ್ಕಿಂತ ಸಿಹಿ.

ಸುರಪುರಕ್ಕೆ ಬಂದ ಕೆಲವು ವರ್ಷಕ್ಕೆ ಕಂಪನಿ ಬಂತು. ಒಂದು ಖಾಸಗಿ ಟೆಲಿಫೋನ್ ಕಂಪನಿ. ಒಬ್ಬರು ನೆಲದಡಿ ತಂತಿ ಹಾಕಿರುವಾಗ ಇನ್ನೊಬ್ಬರು ಮತ್ತೆ ರಸ್ತೆ ಅಗೆಯುವುದು ಯಾಕೆ, ಇದ್ದ ತಂತಿಯನ್ನೇ ಬಾಡಿಗೆಗೆ ಕೊಡಲಿ, ಗಿರಾಕಿ ತನಗೆ ಬೇಕಾದವರ ಸೇವೆ ತೆಗೆದುಕೊಳ್ಳಲಿ ಎಂದು ಮೇಲಿನವರು ಯೋಚಿಸಿ, ಪ್ರಯೋಗಕ್ಕೆಂದು ನಮ್ಮ ಊರನ್ನು ಆರಿಸಿದ್ದರು. ಯೋಚನೆ ಒಳ್ಳೆಯದೇ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ನಡುವೆ ನಾವಿದ್ದೆವು.

ನಮ್ಮ ಸಾಹೇಬರು ಆಗ ತುಮಕೂರು ಕಡೆಯವರು. ಬಹಳ ಮೃದು ಮಾತು. ನಮ್ಮ ಮಾತು ಕೇಳಿ ನಾವು ಜಗಳಕ್ಕೆ ಬಂದಿದ್ದೇವೆಂದು ಮೊದಲ ವಾರ ಬಾಗಿಲು ಹಾಕಿಕೊಂಡು ಕೂತಿದ್ದರು. ಕಂಪನಿಗೆ ಅವರು ಎಕ್ಸ್‌ಚೇಂಜಿನೊಳಗೆ ಒಂದು ಮೂಲೆ ಕೊಟ್ಟರು, ಮೂಲೆಯ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದರು, ಜಾಲರಿಗೆ ಬೀಗ ಹಾಕಿ ಬೀಗದ ಕೈ ತಮ್ಮ ಮೇಜಿನಲ್ಲಿ ಇಟ್ಟುಕೊಂಡರು. ಕಂಪನಿಯ ಇಂಜಿನಿಯರು ತನ್ನ ಯಂತ್ರವನ್ನು ಮುಟ್ಟಬೇಕಾದರೆ ನಮಗೆ ಅರ್ಜಿ ಕೊಡಬೇಕಿತ್ತು. ಆ ಮನುಷ್ಯ ಎಷ್ಟೋ ಸಲ ಜಾಲರಿ ಹಿಡಿದುಕೊಂಡು ಒಳಗೆ ಮಿನುಗುವ ದೀಪ ನೋಡುತ್ತ ನಿಂತಿದ್ದನ್ನು ಕಂಡಿದ್ದೇನೆ.

ಕಂಪನಿಯ ಇಂಟರ್‌ನೆಟ್ಟನ್ನು ಮೊದಲು ತೆಗೆದುಕೊಂಡವನು ರಂಗಂಪೇಟೆಯ ಝೆರಾಕ್ಸ್ ಅಂಗಡಿಯವನು. ಒಂದು ಬೆಳಿಗ್ಗೆ ಅವನ ಲೈನು ಕೆಟ್ಟಿತು. ನಾನು ಪಿಲ್ಲರಿನ ಹತ್ತಿರ ನಿಂತಿದ್ದೆ. ಅವನು ಕೂಗಿ ಹೇಳಿದ. ನಾನು ಕಂಪನಿಗೆ ಹೇಳು ಎಂದೆ. ಅವನು ಕಂಪನಿಗೆ ಹೇಳಿದ. ಕಂಪನಿ ನಮ್ಮ ಜಿಲ್ಲಾ ಕಚೇರಿಗೆ ಬರೆಯಿತು. ಜಿಲ್ಲಾ ಕಚೇರಿ ಸಾಹೇಬರಿಗೆ ಬರೆಯಿತು. ಐದನೆಯ ದಿನ ಸಾಹೇಬರು ಆದೇಶ ಕೊಟ್ಟರು, ನಾನು ಹೋಗಿ ಒಂದು ಸಡಿಲ ತಂತಿ ಬಿಗಿದೆ.

"ಆವತ್ತೇ ನಿಮಗ ಹೇಳಿದ್ನೆಲ್ಲೋ ಯಣ್ಣ," ಎಂದ ಅಂಗಡಿಯವನು.

"ಆವತ್ತ ನಾ ಇಲಾಖೆಯವ ಇದ್ನಿ," ಎಂದೆ. "ಇವತ್ತ ಕಂಪನಿ ಪರವಾಗಿ ಬಂದೀನಿ."

ಇದನ್ನು ಹೇಳಿ ನಾವಿಬ್ಬರೂ ನಕ್ಕೆವು. ನಗುವ ಕಾಲ ಅಲ್ಲಿಗೆ ಮುಗಿಯಿತು.

ರಂಗಂಪೇಟೆ ದಾಟಿ ದೇವಾಪುರದ ಕಡೆ ಸ್ವಲ್ಪ ಹೋದರೆ ಉಪಕಾಲುವೆಯ ಒಂದು ಗೇಟು ಇದೆ. ಅಲ್ಲಿ ಸಾಬಣ್ಣ ಎಂಬ ಗ್ಯಾಂಗ್‌ಮನ್ ಇದ್ದ. ದೇವಾಪುರದವನು, ದಿನಗೂಲಿ. ಬೆಳಿಗ್ಗೆ ಸಂಜೆ ಕಾಲುವೆಯ ಅಳತೆಗಲ್ಲು ನೋಡಿ, ನೀರು ಎಷ್ಟು ಅಡಿ ಇದೆ ಎಂದು ಸುರಪುರದ ನೀರಾವರಿ ಕಚೇರಿಗೆ ಫೋನಿನಲ್ಲಿ ಹೇಳುವುದು ಅವನ ಮುಖ್ಯ ಕೆಲಸ. ಅದರ ಮೇಲೆ ಕೆಳಗಿನ ಊರುಗಳಿಗೆ ಎಷ್ಟು ನೀರು ಬಿಡಬೇಕೆಂದು ಕಚೇರಿಯವರು ತೀರ್ಮಾನಿಸುತ್ತಿದ್ದರು. ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ನಮ್ಮ ಇಲಾಖೆಯ ಕಪ್ಪು ಫೋನು ಇತ್ತು. ಅಷ್ಟು ವರ್ಷ ದುಡಿದ ಮೇಲೆ ಅವನ ನೌಕರಿ ಕಾಯಂ ಮಾಡುವ ಕಡತ ಆಗ ಮೇಜಿನಿಂದ ಮೇಜಿಗೆ ಹೊರಟಿತ್ತು. ನಾನು ಆ ಕಡೆ ಹೋದಾಗಲೆಲ್ಲ ಅವನು ಕಡತ ಈಗ ಯಾವ ಊರಲ್ಲಿದೆ ಎಂದು ಹೇಳುತ್ತಿದ್ದ, ಪಂಢರಪುರಕ್ಕೆ ಹೋದ ತಂದೆಯ ಸುದ್ದಿ ಹೇಳಿದ ಹಾಗೆ.

ಆ ಗೇಟಿನ ಫೋನು ಕಾರ್ಡಿನ ಪ್ರಕಾರ ಹನ್ನೆರಡನೆಯ ಜೋಡಿಯಲ್ಲಿತ್ತು. ಹನ್ನೆರಡು ಯಾವಾಗಲೋ ನೆನೆದು ಹೋಗಿ, ನಾನು ಅದನ್ನು ಮೂವತ್ತೇಳಕ್ಕೆ ಹಾಕಿದ್ದೆ. ಶಹಾಪುರದ ಚಾಳಿಯಂತೆ ಡೈರಿಯಲ್ಲಿ ಬರೆದಿದ್ದೆ. ಕಾರ್ಡಿನಲ್ಲಿ ಮೂವತ್ತೇಳು ಖಾಲಿ ಎಂದೇ ಇತ್ತು.

ನಾನು ತಂಗಿಯ ಮಗಳ ಮದುವೆಗೆಂದು ದೋರನಹಳ್ಳಿಗೆ ಹತ್ತು ದಿನ ರಜೆ ಹೋದೆ. ಡೈರಿ ನನ್ನ ಕಿಸೆಯಲ್ಲಿ ನನ್ನ ಜೊತೆಗೇ ಮದುವೆಗೆ ಬಂತು. ಅದೇ ವಾರ ಕಂಪನಿಯವರು ರಂಗಂಪೇಟೆಯ ಪಿಲ್ಲರಿನಲ್ಲಿ ಖಾಲಿ ಜೋಡಿ ಬೇಕೆಂದು ಕೇಳಿದರು. ಗುಮಾಸ್ತರು ಕಾರ್ಡು ನೋಡಿ ಬರೆದುಕೊಟ್ಟರು, ಸಾಹೇಬರು ಸಹಿ ಹಾಕಿದರು. ಎಕ್ಸ್‌ಚೇಂಜಿನ ಒಳಗೆ ತಂತಿ ಬದಲಿಸುವ ನಮ್ಮ ಗುರುಲಿಂಗ ಮೂವತ್ತೇಳರಲ್ಲಿ ಇದ್ದ ಗೇಟಿನ ತಂತಿ ಕಿತ್ತು, ಕಂಪನಿಯ ತಂತಿ ಹಾಕಿದ. ಪಿಲ್ಲರಿನಲ್ಲಿ ಕಂಪನಿಯ ಆಳು ಅದನ್ನು ಗೊಬ್ಬರದ ಅಂಗಡಿಗೆ ತಿರುಗಿಸಿದ. ಮುಂದೆ ನಾನು ಕೇಳಿದಾಗ ಗುರುಲಿಂಗ ಹೇಳಿದ. "ತಂತಿ ಇತ್ತು ಖರೆ. ಕಾರ್ಡಿನ್ಯಾಗ ಖಾಲಿ ಅಂತ ಇತ್ತು. ತಂತಿ ನಂಬಬೇಕೋ, ಕಾರ್ಡ್ ನಂಬಬೇಕೋ? ಕಾರ್ಡಿನ ಮ್ಯಾಲ ಸಾಹೇಬ್ರ ಸಹಿ ಅದ."

ರಜೆ ಮುಗಿಸಿ ಬಂದ ದಿನ ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ಸಾಬಣ್ಣ ಕೂತಿದ್ದ. ಮಡಿಲಲ್ಲಿ ಟವಲಿನಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ಒಳಗೆ ಅವನ ಕಪ್ಪು ಫೋನು. ಸೈಕಲ್ಲಿಗೆ ಕಟ್ಟಿಕೊಂಡು ತಂದಿದ್ದ.

"ಭೀಮರಾಯಣ್ಣ, ಇದಕ್ಕ ಏನಾಗ್ಯಾದ ನೋಡ್ರಿ," ಎಂದ. "ಒಂಬತ್ತು ದಿನ ಆತು, ಉಸರಿಲ್ಲ. ಮೂರು ಸಲ ಬಂದು ಹೇಳೀನಿ. ಲೈನ್ ಛಲೋ ಅದ, ನೀನೇ ಎತ್ತಂಗಿಲ್ಲ ಅಂತಾರ."

"ಕಚೇರಿಗೆ ನೀರಿನ ಮಟ್ಟ ಹೆಂಗ ಹೇಳಾಕತ್ತೀದಿ?"

"ದಿನಾ ಸೈಕಲ್ ಮ್ಯಾಲ ಬಂದು ಹೇಳಿ ಹೋಗೀನ್ರಿ. ಅದಕ್ಕ ಗೇಟ್ ಬಿಟ್ಟು ತಿರಗ್ಯಾನ ಅಂತ ನೋಟೀಸ್ ಕೊಟ್ಟಾರ." ಅಂಗಿ ಕಿಸೆಯಿಂದ ಒಂದು ಕಾಗದ ತೆಗೆದ. ಗೇಟಿನಲ್ಲಿ ಗೈರುಹಾಜರಿ, ವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದಿತ್ತು. "ಕಡತ ನಮ್ಮ ಸುರಪುರಕ್ಕ ವಾಪಸ್ ಬಂದದಂತ್ರಿ. ಖುಷಿ ಆಗಿತ್ತು ನನಗ. ನೋಡಿದ್ರ ಈ ನೋಟೀಸ್ ಅದಕ್ಕ ಹಚ್ಚಾಕ ಬಂದದ."

ಒಳಗೆ ಹೋಗಿ ದೂರು ಪುಸ್ತಕ ತೆಗೆದೆ. ಮೂರು ಕಡೆ ಒಂದೇ ಸಾಲು: ಲೈನ್ ಪರೀಕ್ಷಿಸಲಾಗಿದೆ, ರಿಂಗ್ ಹೋಗುತ್ತಿದೆ, ಗಿರಾಕಿ ಎತ್ತುತ್ತಿಲ್ಲ.

ಇಲ್ಲಿ ಹೊಸಬರು ಒಂದು ಗುಟ್ಟು ತಿಳಿದುಕೊಳ್ಳಬೇಕು. ನಾವು ಫೋನು ಮಾಡಿದಾಗ ನಮ್ಮ ಕಿವಿಯಲ್ಲಿ ಕೇಳುವ ಗಂಟೆ ಆಚೆಯವರ ಮನೆಯಲ್ಲಿ ಬಾರಿಸುವ ಗಂಟೆಯಲ್ಲ. ಅದು ಎಕ್ಸ್‌ಚೇಂಜಿನಲ್ಲಿಯೇ ಹುಟ್ಟುವ ಸದ್ದು, ಕರೆದವರ ಸಮಾಧಾನಕ್ಕೆ ಹಾಕಿದ್ದು. ಆಚೆ ತಂತಿ ತುಂಡಾಗಿರಲಿ, ಫೋನೇ ಇಲ್ಲದಿರಲಿ, ಈಚೆ ಕಿವಿಗೆ ಗಂಟೆ ಬಾರಿಸುತ್ತಲೇ ಇರುತ್ತದೆ. ನೀರಾವರಿ ಕಚೇರಿಯವರು ದಿನಾ ಫೋನು ಹಚ್ಚಿದ್ದಾರೆ, ದಿನಾ ಗಂಟೆ ಕೇಳಿದ್ದಾರೆ, ದಿನಾ ಸಾಬಣ್ಣ ಗೇಟಿನಲ್ಲಿಲ್ಲ ಎಂದು ಬರೆದಿದ್ದಾರೆ.

ಎಕ್ಸ್‌ಚೇಂಜಿನಲ್ಲಿ ಜೋಡಿಗಳೆಲ್ಲ ಬಂದು ಸೇರುವ ಚೌಕಟ್ಟಿನ ಮುಂದೆ ನಿಂತು ಮೂವತ್ತೇಳು ನೋಡಿದೆ, ಕಂಪನಿಯ ತಂತಿ ಕಂಡಿತು. ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಅನ್ನುವ ಮೊದಲೇ ನನ್ನ ಕೈ ಹೆಗಲಿಗೆ, ಅಲ್ಲ, ಡೈರಿ ಇದ್ದ ಕಿಸೆಗೆ ಹೋಯಿತು.

ಕಂಪನಿಯ ತಂತಿ ಕಿತ್ತು ಗೇಟಿಗೆ ಹಾಕುವುದು ಹತ್ತು ನಿಮಿಷದ ಕೆಲಸ. ಆದರೆ ಸಾಹೇಬರು ಗಾಬರಿಯಾದರು. "ಅದು ಬಾಡಿಗೆಗೆ ಹೋದ ಜೋಡಿ ಭೀಮರಾಯ್. ಅವರ ಒಪ್ಪಿಗೆ ಪತ್ರ ಇಲ್ಲದೆ ಮುಟ್ಟೋ ಹಾಗಿಲ್ಲ." ಹಾಗಾದರೆ ಬೇರೆ ಜೋಡಿ ಕೊಡೋಣ ಎಂದು ಪಿಲ್ಲರಿಗೆ ಹೋಗಿ ನೋಡಿದೆ. ಒಣಗಿದವೆಲ್ಲ ಬಾಡಿಗೆಗೆ ಹೋಗಿದ್ದವು. ನಮ್ಮ ಪಾಲಿಗೆ ನೆನೆದವು ಉಳಿದಿದ್ದವು. ಕಂಪನಿಯ ಇಂಜಿನಿಯರನನ್ನು ಕೇಳಿದೆ. ಅವನಿಗೆ ಪಾಪ ಕೊಡುವ ಮನಸ್ಸಿತ್ತು. ಆದರೆ ಅವನ ಕಂಪ್ಯೂಟರಿನಲ್ಲಿ ಕಂಪನಿಯ ಗಿರಾಕಿಯ ದೂರು ಬರೆಯಲು ಮಾತ್ರ ಜಾಗ ಇತ್ತು, ಪಕ್ಕದವರ ಗಿರಾಕಿಯ ದೂರಿಗೆ ಇರಲಿಲ್ಲ. ಗಿರಾಕಿಗೆ ಬೇಕಾದವರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂದಿತ್ತು. ಸಾಬಣ್ಣನನ್ನು ಮಾತ್ರ ಯಾರೂ ಆರಿಸಿಕೊಳ್ಳಲಿಲ್ಲ.

ಸಾಹೇಬರ ಮುಂದೆ ಡೈರಿ ಇಟ್ಟು ನಡೆದದ್ದು ಹೇಳಿದೆ. ಅವರು ಅದನ್ನು ಹಾವು ನೋಡಿದ ಹಾಗೆ ನೋಡಿದರು. "ಒಂದು ಕಾರ್ಡು ಸುಳ್ಳು ಅಂತ ಬರೆದುಕೊಟ್ಟರೆ ಎಲ್ಲಾ ಕಾರ್ಡೂ ತೆಗೀರಿ ಅಂತಾರೆ. ಇಡೀ ಒಪ್ಪಂದ ಆ ಕಾರ್ಡುಗಳ ಮೇಲೆ ನಿಂತಿದೆ. ನೀವು ಸುಮ್ಮನಿರಿ. ಎರಡು ತಿಂಗಳಲ್ಲಿ ಅವನಿಗೆ ಹೇಗಾದರೂ ಒಂದು ಲೈನ್ ಕೊಡೋಣ." ಆಮೇಲೆ ದನಿ ತಗ್ಗಿಸಿ ಕೇಳಿದರು. "ಅಲ್ಲಾ, ಅವನು ದಿನಗೂಲಿಯವನಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಆದರೂ ಸುಳ್ಳು ಹೇಳಬಾರದು, ಎರಡು ದಿನ ನಾನು ಸುಮ್ಮನೇ ಇದ್ದೆ. ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ. ನಾನು ತಿಂದ ಬೆಣ್ಣೆಯನ್ನು ಮೇಕೆಯ ಬಾಯಿಗೆ ಒರೆಸುವುದು ನಾನಲ್ಲ, ಇಲಾಖೆ ತಾನೇ ಎಂದು ಸಮಾಧಾನ ಹೇಳಿಕೊಂಡೆ. ನನ್ನ ಹೆಂಡತಿ ರಂಗಂಪೇಟೆ ಶಾಲೆಯಲ್ಲಿ ಮೇಡಂ. ಎರಡನೆಯ ದಿನ ಊಟಕ್ಕೆ ಬಡಿಸುತ್ತ, "ಕಾರ್ಡ್ ಬರೀದವ ನಪಾಸಾಗ್ಯಾನ. ಆದ್ರ ಸಾಬಣ್ಣಗ ಸಾಲಿ ಬಿಡಸಾಕತ್ತಾರ," ಎಂದು ಹೇಳಿ ಸಾರಿನ ಪಾತ್ರೆ ಒಳಗೆ ಒಯ್ದಳು. ಮತ್ತೆ ನೀಡಲು ಬರಲಿಲ್ಲ.

ಮರುದಿನ ಸಾಬಣ್ಣನ ನೋಟೀಸಿನ ಮೇಲೆ ಜಂಟಿ ಪರಿಶೀಲನೆ ಇತ್ತು. ನೀರಾವರಿ ಇಂಜಿನಿಯರು, ನಮ್ಮ ಸಾಹೇಬರು, ಕಂಪನಿಯ ಇಂಜಿನಿಯರು ಒಂದೇ ಮೇಜಿಗೆ ಕೂತರು. ಸಾಬಣ್ಣ ಬಾಗಿಲ ಹತ್ತಿರ ನಿಂತಿದ್ದ. ನಮ್ಮ ಲೈನ್ ಸರಿ ಇದೆ ಎಂದರು ನಮ್ಮವರು. ನಮ್ಮ ಇಂಟರ್‌ನೆಟ್ಟೂ ಸರಿ ಇದೆ ಎಂದ ಕಂಪನಿಯವನು. ನೀರಾವರಿಯವರು ರಿಜಿಸ್ಟರ್ ತೋರಿಸಿ, "ದಿನಾ ರಿಂಗ್ ಆಗ್ಯಾದ, ಇಂವ ಎತ್ತಿಲ್ಲ. ಇನ್ನೇನ್ರಿ ಬೇಕು?" ಎಂದರು. ಎಲ್ಲರದೂ ಸರಿ ಇತ್ತು. ಬಾಗಿಲ ಹತ್ತಿರ ನಿಂತವನೊಬ್ಬನೇ ಕೆಟ್ಟಿದ್ದ.

ನಾನು ಸಾಬಣ್ಣನ ಕೈಯಿಂದ ಟವಲಿನ ಗಂಟು ಇಸಿದುಕೊಂಡು ಮೇಜಿನ ನಡುವೆ ಬಿಚ್ಚಿದೆ. ಕಪ್ಪು ಫೋನು, ಅದರ ತಂತಿ ಮೇಜಿನಿಂದ ಕೆಳಗೆ ಜೋತು ಬಿದ್ದಿತ್ತು.

"ಸಾಹೇಬ್ರ," ಎಂದೆ ನೀರಾವರಿಯವರಿಗೆ, "ನಿಮ್ಮ ಮೊಬೈಲಿಂದ ಗೇಟಿಗೆ ಒಂದ್ಸಲ ಹಚ್ರಿ."

ಹಚ್ಚಿದರು. ಕಿವಿಗಿಟ್ಟುಕೊಂಡು, "ನೋಡ್ರಿ, ಆಗಾಕತ್ತದ ರಿಂಗ್," ಎಂದರು.

"ಎಲ್ಲಿ ಆಗಾಕತ್ತದ್ರಿ? ಗೇಟಿನ ಫೋನ್ ನಿಮ್ಮ ಮುಂದ ಅದ."

ಅವರು ಮೇಜಿನ ಮೇಲಿದ್ದ ಫೋನು ನೋಡಿದರು, ಜೋತು ಬಿದ್ದ ತಂತಿ ನೋಡಿದರು, ಮೊಬೈಲನ್ನು ಇನ್ನೂ ಕಿವಿಯಲ್ಲಿಯೇ ಇಟ್ಟುಕೊಂಡಿದ್ದರು. ಅದು ಅವರ ಕಿವಿಯಲ್ಲಿ ಬಾರಿಸುತ್ತಲೇ ಇತ್ತು. ನಾನು ಡೈರಿ ತೆಗೆದು ಮೂವತ್ತೇಳರ ಪುಟ ತೋರಿಸಿದೆ, ಬದಲಾಯಿಸಿದವನು ನಾನು, ಕಾರ್ಡಿನಲ್ಲಿ ಬರೆಯದವನೂ ನಾನು ಎಂದು ಅಲ್ಲಿಯೇ ಬರೆದು ಸಹಿ ಮಾಡಿ ಕೊಟ್ಟೆ. ನಮ್ಮ ಸಾಹೇಬರು ಕಿಟಕಿಯ ಕಡೆ ತಿರುಗಿ ಕೂತರು.

ಸಾಬಣ್ಣನ ನೋಟೀಸು ಅಂದೇ ವಾಪಸ್ಸಾಯಿತು. ಕಂಪನಿಯ ಇಂಜಿನಿಯರು ಯಾರ ಒಪ್ಪಿಗೆಯನ್ನೂ ಕೇಳದೆ ಮೂವತ್ತೇಳನ್ನು ಬಿಟ್ಟುಕೊಟ್ಟ, ಅದಕ್ಕಾಗಿ ಅವನ ಕಂಪನಿಯಿಂದ ಬೈಸಿಕೊಂಡ. ನನಗೆ ದೋಷಾರೋಪಣ ಪತ್ರ ಬಂತು. ಡೈರಿಯನ್ನು ಸಾಕ್ಷಿ ಎಂದು ಜಪ್ತಿ ಮಾಡಿ ಜಿಲ್ಲಾ ಕಚೇರಿಯ ಬೀರುವಿನಲ್ಲಿಟ್ಟರು. ಮರುವಾರದಿಂದ ಸುರಪುರದಲ್ಲಿ ಯಾರ ಫೋನು ಕೆಟ್ಟರೂ ಜೋಡಿ ಹುಡುಕಲು ಬರದೆ, ಸಾಹೇಬರು ಜಿಲ್ಲಾ ಕಚೇರಿಗೆ ಫೋನು ಹಚ್ಚಿ ಡೈರಿಯ ಇಂಥ ಪುಟ ಓದಿ ಹೇಳಿ ಎಂದು ಕೇಳುತ್ತಿದ್ದರು. ನನ್ನ ಅಪರಾಧದ ಸಾಕ್ಷಿಯ ಮೇಲೆ ಇಲಾಖೆ ಮೂರು ತಿಂಗಳು ನಡೆಯಿತು.

ಆ ದಿನ ಪರಿಶೀಲನೆ ಮುಗಿದು ಹೊರಗೆ ಬಂದಾಗ ಸಾಬಣ್ಣ ಸೈಕಲ್ಲಿಗೆ ಫೋನು ಕಟ್ಟುತ್ತಿದ್ದ. ನನಗೆ ಉಪಕಾರ ಸ್ಮರಣೆಯ ನಾಲ್ಕು ಮಾತು ಕೇಳುವ ಆಸೆ ಇತ್ತು. ಅವನು ಗಂಟು ಬಿಗಿಯುತ್ತ ಕೇಳಿದ. "ಯಣ್ಣ, ನನ್ನ ಫೋನ್ ಹೊತಗೊಂಡು ಬಂದ್ನಿ, ತಿಳೀತು. ಇಷ್ಟು ವರ್ಷ ಎತ್ತಂಗಿಲ್ಲ ಅಂತ ಬರಸಗೊಂಡವರು ಎಷ್ಟು ಮಂದಿ ಅದಾರ?"

ಆ ಸಾಲನ್ನು ದೂರು ಪುಸ್ತಕದಲ್ಲಿ ನಾನೇ ಎಷ್ಟು ಸಲ ಬರೆದಿದ್ದೆನೋ. ಉಳಿದ ಸೇವೆಯಲ್ಲಿ ಪಿಲ್ಲರ್ ಪಿಲ್ಲರಿಗೆ ಹೋಗಿ, ಒಂದೊಂದೇ ಜೋಡಿ ಹಿಡಿದು ಗಿರಾಕಿಯ ಬಾಗಿಲ ತನಕ ನಡೆದು, ಹೊಸ ಕಾರ್ಡು ಬರೆದೆ. ನಾನು ನಿವೃತ್ತನಾದ ಮೇಲೆ ತಾಮ್ರ ಹೋಯಿತು, ಗಾಜಿನ ತಂತಿ ಬಂತು, ಕಂಪನಿ ಜಾಲರಿ ಬಿಟ್ಟು ಹೋಯಿತು. ಕಾರ್ಡುಗಳನ್ನು ರದ್ದಿಗೆ ಹಾಕಿದರಂತೆ. ಅದಕ್ಕೆ ನನಗೆ ಬೇಸರ ಆಯಿತು, ಇಲ್ಲ ಎಂದು ಹೇಳಲಾರೆ.

ಮೊನ್ನೆ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಸಾಬಣ್ಣ. ಕಾಯಂ ಆಗಿ, ನಿವೃತ್ತನೂ ಆಗಿ ದೇವಾಪುರದಲ್ಲಿದ್ದಾನೆ. ಬಿಸಿಲಲ್ಲಿ ಬಂದು ಬೆವರಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕಟ್ಟೆಯ ಮೇಲೆ ಕೂತ.

"ನಿನ್ನಿ ಎರಡ್ ಸಲ ಫೋನ್ ಹಚ್ಚಿದ್ನಿ," ಎಂದ. "ರಿಂಗ್ ಆತು, ನೀವು ಎತ್ತಲಿಲ್ಲ. ಅದಕ್ಕ ನೋಡಿ ಹೋಗೋಣಂತ ಬಸ್ ಹತ್ತಿ ಬಂದ್ನಿ."

ಫೋನು ಸರಿಯಾಗಿಯೇ ಇತ್ತು. ಅವನ ಹೆಸರು ಕಂಡು, ಆಮೇಲೆ ಮಾತಾಡಿದರಾಯಿತು ಎಂದು ನಾನೇ ಎತ್ತಿರಲಿಲ್ಲ. ಒಳಗೆ ತಿರುಗಿ, ಸಾಬಣ್ಣ ಬಂದಾನ, ಚಹಾ ಇಡು ಎಂದು ಹೆಂಡತಿಗೆ ಹೇಳಿದೆ.